ಸ್ವಂತ ಮನಿ, ಬಾಡಿಗಿ ದಾರಿ

ಮುಂಜಾನೆ ಐದಕ್ಕೆ ಅಕ್ಕಲಕೋಟ ರಸ್ತೆಗೆ ಬಂದು ನಿಂತರೆ ನಮ್ಮ ಕುಂಭಾರಿಯಲ್ಲಿ ಎರಡು ಊರು ಕಾಣುತ್ತವೆ. ಒಂದು ಊರು ಹೊಲದ ಕಡೆ ಮುಖ ಮಾಡಿರುತ್ತದೆ, ಅದು ಹಳೆಯದು. ಇನ್ನೊಂದು ಸೊಲ್ಲಾಪುರದ ಕಡೆ ಮುಖ ಮಾಡಿ ರಿಕ್ಷಾಕ್ಕೆ ಕಾಯುತ್ತಿರುತ್ತದೆ, ಅದು ಘರಕುಲದ್ದು. ಕಾಯುವವರ ಕೈಯಲ್ಲಿ ಬುತ್ತಿಗಂಟು, ಖಾಲಿ ಬುಟ್ಟಿ, ಗೌಂಡಿ ಸಾಮಾನಿನ ಚೀಲ. ಮೊನ್ನೆ ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಹೆಣ್ಣುಮಗಳನ್ನು ಕೇಳಿದೆ, "ಎಷ್ಟೊತ್ತಿಗಿ ಎದ್ದೀ ಯವ್ವಾ?"

"ಮೂರೂವರಿಗಿ ಎದ್ದೀನೋ ತಮ್ಮಾ. ಕಾಯಿಪಲ್ಯಾ ಲಿಲಾವಿಗಿ ಹೋಗಬೇಕಲ್ಲ. ತಡಾ ಆದ್ರ ಛಲೋ ಮಾಲು ಹೋಗಿಬಿಡ್ತದ. ಮೊದಲ ಬಾಡಿಗಿ ಖೋಲ್ಯಾಗ ಇದ್ದಾಗ ಮಾರ್ಕೆಟಿಗಿ ನಡಕೋತ ಹೋಗ್ತಿದ್ದೆ. ಈಗ ಮನಿ ಸ್ವಂತದ್ದಾತು, ದಾರಿ ಬಾಡಿಗಿದಾತು."

ಈ ಮಾತು ಕೇಳಿದ ಮೇಲೆ ನನಗೆ ಪೇಪರಿನಲ್ಲಿ ಬರುವ 'ಸಮಾನ ಮತ್ತು ಸುಸ್ಥಿರ ನಗರಾಭಿವೃದ್ಧಿ' ಎಂಬ ಶಬ್ದಗಳನ್ನು ಮೊದಲಿನ ಹಾಗೆ ಓದಲು ಆಗಲಿಲ್ಲ. 2015ರಲ್ಲಿ ವಿಶ್ವಸಂಸ್ಥೆ 17 ಗುರಿಗಳನ್ನು ಒಪ್ಪಿಕೊಂಡಿತು. ಅದರಲ್ಲಿ 11ನೆಯದು ನಗರಗಳದು. 2030ರೊಳಗೆ ನಗರಗಳು ಎಲ್ಲರನ್ನೂ ಒಳಗೊಳ್ಳಬೇಕು, ಸುರಕ್ಷಿತವಾಗಿರಬೇಕು, ಬಾಳಿಕೆ ಬರಬೇಕು ಎಂದು ಅದು ಹೇಳುತ್ತದೆ. ಮಾತು ಒಳ್ಳೆಯದೇ. ಆದರೆ ಅಳೆಯುವುದು ಎಲ್ಲಿ ನಿಂತು? ಸೊಲ್ಲಾಪುರದ ರಂಗಭವನ ಚೌಕದಲ್ಲಿ ನಿಂತು ಅಳೆದರೆ ಒಂದು ಲೆಕ್ಕ ಬರುತ್ತದೆ, ಕುಂಭಾರಿಯ ರಸ್ತೆಯಲ್ಲಿ ನಿಂತು ಅಳೆದರೆ ಬೇರೆ ಲೆಕ್ಕ. ನನ್ನ ವಾದ ಇಷ್ಟೇ: ಒಂದು ನಗರ ನ್ಯಾಯವಾಗಿ ಬೆಳೆಯಿತೋ ಇಲ್ಲವೋ ಎಂಬುದನ್ನು ಅದರ ಸೀಮೆಯೊಳಗೆ ನಿಂತು ನೋಡಬಾರದು. ಅದನ್ನು ದುಡಿದು ನಡೆಸುವವರು ರಾತ್ರಿ ಎಲ್ಲಿ ಮಲಗುತ್ತಾರೋ ಅಲ್ಲಿ ನಿಂತು ನೋಡಬೇಕು.

ಮೊದಲು ಆಗಿರುವ ಒಳ್ಳೆಯದನ್ನು ಒಪ್ಪಿಕೊಳ್ಳಬೇಕು. ಅದನ್ನು ಬಿಟ್ಟು ಟೀಕೆ ಮಾಡಿದರೆ ಅದು ಬರೀ ಹೊಟ್ಟೆಕಿಚ್ಚು ಆಗುತ್ತದೆ. ನಮ್ಮ ಊರ ಸೀಮೆಯಲ್ಲಿ ಬೀಡಿ ಕಾರ್ಮಿಕ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ವಸಾಹತು ಎದ್ದಿತು. 2006ರ ಸೆಪ್ಟೆಂಬರಿನಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗರು ಬಂದು ಮನೆಗಳನ್ನು ಹಸ್ತಾಂತರ ಮಾಡಿದರು. ಅದಕ್ಕೆ ಗೋದೂತಾಯಿ ಪರುಳೇಕರ ಅವರ ಹೆಸರು. ಠಾಣೆ ಜಿಲ್ಲೆಯ ವಾರಲಿ ಆದಿವಾಸಿಗಳನ್ನು 1945ರಲ್ಲಿ ವೆಟ್ಟಿಯ ವಿರುದ್ಧ ಸಂಘಟಿಸಿದ ಹೆಣ್ಣುಮಗಳು ಆಕೆ. ಮಾಜಿ ಶಾಸಕ ನರಸಯ್ಯ ಆಡಮ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಮೋರ್ಚಾ ನಡೆದು, ಕೇಂದ್ರ, ರಾಜ್ಯ, ಕಾರ್ಮಿಕರು ಮೂವರ ಹಣ ಕೂಡಿ ಆ ಮನೆಗಳು ಆದವು. ಅವರದೇ ಮುಂದಾಳುತನದಲ್ಲಿ ಅಸಂಘಟಿತ ಕಾರ್ಮಿಕರಿಗೆ 30,000 ಮನೆಗಳ ರೇನಗರ ಬಂತು. 2019ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಪ್ರಧಾನಿ ನರೇಂದ್ರ ಮೋದಿಯವರೇ 2024ರ ಜನವರಿ 19ರಂದು ಮೊದಲ 15,000 ಮನೆಗಳನ್ನು ಲೋಕಾರ್ಪಣೆ ಮಾಡಿದರು. ಬಾವುಟದ ಬಣ್ಣ ಬೇರೆ ಬೇರೆ ಇದ್ದವರು ಒಂದೇ ಕೆಲಸಕ್ಕೆ ಕೈ ಹಚ್ಚಿದ್ದು ಸಣ್ಣ ಮಾತಲ್ಲ. ಗುಡಿಸಲಲ್ಲಿ, ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿ ಜೀವ ಸವೆಸಿದವರಿಗೆ ಕೀಲಿ ಕೈಗೆ ಬಂದ ದಿನ ಏನನಿಸಿರಬೇಕು ಎಂಬುದನ್ನು ಮನೆಯಿದ್ದವರು ಅಂದಾಜು ಮಾಡುವುದು ಕಷ್ಟ. ಈ ಯೋಜನೆಯ ಮನೆ ಹೆಣ್ಣಿನ ಹೆಸರಿಗೆ, ಇಲ್ಲವೆ ಗಂಡ ಹೆಂಡತಿ ಇಬ್ಬರ ಹೆಸರಿಗೆ ಆಗಬೇಕೆಂಬ ನಿಯಮವಿದೆ. ಅದೂ ದೊಡ್ಡದೇ.

ಈಗ ಇನ್ನೊಂದು ಮಗ್ಗುಲು. 2015ರ ಜೂನ್ 25ರಂದು ದಿಲ್ಲಿಯಲ್ಲಿ ಒಂದೇ ದಿನ ಸ್ಮಾರ್ಟ್ ಸಿಟಿ ಯೋಜನೆ, ಅಮೃತ ಯೋಜನೆ, ನಗರದ ಪ್ರಧಾನಮಂತ್ರಿ ಆವಾಸ ಯೋಜನೆ ಮೂರೂ ಶುರುವಾದವು. ಸೊಲ್ಲಾಪುರ 2016ರ ಜನವರಿಯ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಒಂಬತ್ತನೆಯದಾಗಿ ಬಂತು. ಆ ದುಡ್ಡಿನಲ್ಲಿ ರಂಗಭವನದ ರಸ್ತೆ ಹೊಸದಾಯಿತು, ಸಿದ್ಧೇಶ್ವರ ಕೆರೆಯ ದಂಡೆ ಚೆಂದಾಯಿತು, ಪಾರ್ಕ್ ಮೈದಾನ ಹೊಸ ರೂಪ ತಾಳಿತು. ಅದೇ ದಿನ ಹುಟ್ಟಿದ ಆವಾಸ ಯೋಜನೆಯ ಮನೆಗಳು ಮಾತ್ರ ನಗರದ ಹೊರಗೆ, ನಮ್ಮ ಎರಿ ಹೊಲಗಳ ನಡುವೆ ಎದ್ದವು. ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಪಡಸಾಲೆಯಲ್ಲಿ ಕೂಡ್ರಿಸಿ, ಇನ್ನೊಬ್ಬನನ್ನು ಊರ ಹೊರಗಿನ ತೋಟಕ್ಕೆ ಕಳಿಸಿದ ಹಾಗಾಯಿತು.

"ಹೊರಗ ಭೂಮಿ ಸೋವಿ ಸಿಗ್ತದ, ಅದಕ್ಕ ಅಲ್ಲಿ ಕಟ್ಟಿದ್ರು" ಎಂದು ಹೇಳುವವರಿದ್ದಾರೆ. ಖರೆ. ಆದರೆ ಸೋವಿ ಯಾರಿಗೆ? ಒಂದು ಲೆಕ್ಕ ಹಾಕೋಣ. ರೇನಗರದ ಒಂದು ಮನೆಗೆ ಕೇಂದ್ರದ ಸಹಾಯ 1,50,000 ರೂಪಾಯಿ, ರಾಜ್ಯದ್ದು 1,00,000. ಉಳಿದದ್ದು ಮನೆಯವರದು. ಇನ್ನು ಸೊಲ್ಲಾಪುರಕ್ಕೆ ದುಡಿಯಲು ಹೋಗುವ ಒಬ್ಬರಿಗೆ ಹೋಗಿಬರಲು ದಿನಕ್ಕೆ 50 ರೂಪಾಯಿ ಎಂದು ಹಿಡಿಯಿರಿ. ತಿಂಗಳಿಗೆ 25 ದಿನ ದುಡಿದರೆ 1,250. ವರ್ಷಕ್ಕೆ 15,000. ಹತ್ತು ವರ್ಷಕ್ಕೆ 1,50,000. ಅಂದರೆ ಕೇಂದ್ರ ಕೊಟ್ಟ ಹಣ ಅಷ್ಟೂ ಹತ್ತು ವರ್ಷದಲ್ಲಿ ರಸ್ತೆಯ ಮೇಲೆ ಖರ್ಚಾಗಿ ಹೋಯಿತು. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಐದೇ ವರ್ಷ. ಭೂಮಿಯ ಬೆಲೆಯಲ್ಲಿ ಉಳಿಸಿದ್ದನ್ನು ಬಡವರು ದಿನಾ ಹತ್ತು, ಇಪ್ಪತ್ತರ ನೋಟಿನಲ್ಲಿ ತೀರಿಸುತ್ತಿದ್ದಾರೆ. ಈ ಲೆಕ್ಕ ಯಾವ ಯೋಜನೆಯ ಕಾಗದದಲ್ಲೂ ಬರುವುದಿಲ್ಲ, ಏಕೆಂದರೆ ಅದು ಸರಕಾರದ ಖರ್ಚಲ್ಲ.

ಗೋದೂತಾಯಿ ವಸಾಹತು ನಿಂತಿತಲ್ಲ, ಇದೂ ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ. ಇಲ್ಲಿ ಒಂದು ಫರಕು ನೋಡಬೇಕು. ಬೀಡಿ ಕಟ್ಟುವುದು ಮನೆಯಲ್ಲಿ ಕೂತು ಮಾಡುವ ಕೆಲಸ. ಎಲೆ, ತಂಬಾಕು, ದಾರ ತಂದುಕೊಂಡರೆ ಮೊರ ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತು ಸಾವಿರ ಬೀಡಿ ಕಟ್ಟಬಹುದು. ಮಜೂರಿ ಕಡಿಮೆ, ಎದೆಗೆ ಕೆಟ್ಟದ್ದು, ಅದೆಲ್ಲ ಬೇರೆ ಮಾತು. ಆದರೆ ಮನೆ ಎಲ್ಲಿಗೆ ಹೋದರೆ ಕೆಲಸವೂ ಅಲ್ಲಿಗೆ ಬರುತ್ತದೆ. ರೇನಗರದ ಬಹಳ ಜನರ ಕೆಲಸ ಹಾಗಲ್ಲ. ಪವರ್‌ಲೂಮಿನ ಕೂಲಿ, ಗೌಂಡಿ, ಕೈಗಾಡಿಯವರು, ಚಿಂದಿ ಆಯುವವರು, ಮನೆಗೆಲಸದವರು, ರಿಕ್ಷಾ ಹೊಡೆಯುವವರು. ಇವರ ಕೆಲಸ ನಗರದಲ್ಲೇ ಇರುತ್ತದೆ, ಇವರ ಹಿಂದೆ ಬರುವುದಿಲ್ಲ. ಇನ್ನೊಂದು ಮಾತು: ಬೀಡಿ ಘರಕುಲದ ಮನೆ ನೆಲದ ಮೇಲಿನದು. ರೇನಗರದ್ದು ಮಜಲಿನ ಮೇಲೆ ಮಜಲು, ಒಂದೊಂದು ಕಟ್ಟಡದಲ್ಲಿ 36 ಮನೆ. ಎರಡನೆಯ ಮಜಲಿನವನು ಕೈಗಾಡಿ ಎಲ್ಲಿ ನಿಲ್ಲಿಸಬೇಕು? ಚಿಂದಿಯ ಗಂಟು ಎಲ್ಲಿ ಬಿಚ್ಚಿ ಆರಿಸಬೇಕು? ಮನೆ ಕಟ್ಟಿದವರು ಮಲಗುವ ಮನುಷ್ಯನನ್ನು ನೋಡಿದರು, ದುಡಿಯುವ ಮನುಷ್ಯನನ್ನು ಪೂರ್ತಿ ನೋಡಲಿಲ್ಲ ಎಂದು ನನಗೆ ಅನಿಸುತ್ತದೆ.

ಗಿರಣಿಯ ಕಾಲದಲ್ಲಿ ಹೀಗಿರಲಿಲ್ಲ. 1877ರಲ್ಲಿ ಶುರುವಾದ ಜುನಿ ಗಿರಣಿ ಮತ್ತು ಆಮೇಲಿನ ಗಿರಣಿಗಳ ಸುತ್ತ ಚಾಳಗಳು ಇದ್ದವು. ಭೋಂಗಾ ಕೂಗಿದರೆ ನಡೆದೇ ಹೋಗುತ್ತಿದ್ದರು. ಆ ಚಾಳಗಳೇನು ಸ್ವರ್ಗ ಆಗಿರಲಿಲ್ಲ. ಹತ್ತಾರು ಮನೆಗೆ ಒಂದು ನಳ, ಕತ್ತಲ ಖೋಲಿ. ಆದರೂ ಕಾರ್ಮಿಕ ನಗರದ ನಡುವೆ ಇದ್ದ. ನಗರದ ನಡುವೆ ಇದ್ದುದರಿಂದಲೇ 1930ರ ಮೇ ತಿಂಗಳಲ್ಲಿ ಆ ನಗರವನ್ನು ಅಲ್ಲಾಡಿಸಲು ಅವನಿಗೆ ಸಾಧ್ಯವಾಯಿತು, ಬ್ರಿಟಿಷರು ಮಾರ್ಶಲ್ ಲಾ ಹೇರಬೇಕಾಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ಭೂಮಿಯಲ್ಲಿ ದುಡಿಯುವವರಿಗೆ ಒಂದು ಪಾಲು ಇಡಬೇಕು ಎಂಬ ಮಾತು ಗಟ್ಟಿಯಾಗಿ ಏಳಲಿಲ್ಲ. ಮುಂಬಯಿಯಲ್ಲಿ 1991ರ ನಿಯಮದಲ್ಲಿ ಗಿರಣಿ ಭೂಮಿಯನ್ನು ಮೂರು ಪಾಲು ಮಾಡಿ, ಒಂದು ಬಯಲಿಗೆ, ಒಂದು ಸಾಮಾನ್ಯರ ಮನೆಗಳಿಗೆ, ಒಂದು ಮಾಲೀಕರಿಗೆ ಎಂದು ಬರೆದಿದ್ದರು. 2001ರಲ್ಲಿ ಅದನ್ನು ತಿದ್ದಿ ಸಾರ್ವಜನಿಕರ ಪಾಲನ್ನು ಖಾಲಿ ಜಾಗಕ್ಕೆ ಮಾತ್ರ ಸೀಮಿತ ಮಾಡಿದರು. ನ್ಯಾಯದ ನಿಯಮ ಬರೆದರೂ ಕಾಯುವವರಿಲ್ಲದಿದ್ದರೆ ಉಳಿಯುವುದಿಲ್ಲ. ನಮ್ಮಲ್ಲಿ ಬರೆಯುವ ತನಕವೂ ಮಾತು ಹೋಗಲಿಲ್ಲ.

ನಗರವೆಂದರೆ ದೂರವನ್ನು ಕಡಿಮೆ ಮಾಡುವ ಉಪಾಯ. ಯಾರ ದೂರ ಮೊದಲು ಕಡಿಮೆ ಆಗುತ್ತದೆ ಎಂಬುದರ ಮೇಲೆ ಆ ನಗರದ ಮನಸ್ಸು ತಿಳಿಯುತ್ತದೆ. 2023ರ ಜೂನಿನಲ್ಲಿ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಚಿಮಣಿಯನ್ನು ವಿಮಾನದ ದಾರಿಗೆ ಅಡ್ಡ ಎಂದು ಕೆಡವಿದರು. ಅದರ ಸರಿ ತಪ್ಪಿನ ವಾದ ಇಲ್ಲಿ ಬೇಡ. 2025ರಲ್ಲಿ ವಿಮಾನವೂ ಹಾರಿತು. ಸೊಲ್ಲಾಪುರ ಗೋವೆಗೆ ಹತ್ತಿರವಾಯಿತು. ಕುಂಭಾರಿ ಎಷ್ಟು ಹತ್ತಿರವಾಯಿತು? ಇದೇ ವರ್ಷಗಳಲ್ಲಿ ನಗರ ಸಾರಿಗೆಯ ಬಸ್ಸು ಸೊರಗುತ್ತಾ ಬಂತು. ಕೊಲಂಬಿಯಾ ದೇಶದ ಮೆಡೆಯಿನ್ ಎಂಬ ನಗರದಲ್ಲಿ ಬಡವರು ಗುಡ್ಡದ ಮೇಲೆ ಇದ್ದಾರೆ. ಅಲ್ಲಿಯವರು 2004ರಲ್ಲಿ ಗುಡ್ಡದ ಓಣಿಗಳಿಗೆ ತಂತಿಯ ಮೇಲೆ ಓಡುವ ತೊಟ್ಟಿಲುಗಳನ್ನು ಹಾಕಿ ಮೆಟ್ರೊಗೆ ಜೋಡಿಸಿದರು. ಜನರನ್ನು ಬೇರೆ ಕಡೆ ಒಯ್ಯುವ ಬದಲು ದಾರಿಯನ್ನೇ ಅವರ ಹತ್ತಿರ ಒಯ್ದರು. ನಮಗೆ ತೊಟ್ಟಿಲು ಬೇಡ. ನಮ್ಮ ರಸ್ತೆ ಸಪಾಟ ಇದೆ. ನಸುಕಿನಲ್ಲಿ ನಾಲ್ಕಕ್ಕೆ ಒಂದು ಬಸ್ಸು, ರಾತ್ರಿ ಹತ್ತಕ್ಕೆ ಒಂದು ಬಸ್ಸು, ನಡುವೆ ತಪ್ಪದ ಹೊತ್ತು, ಬುಟ್ಟಿ ಇಡಲು ಜಾಗ. ಇಷ್ಟು ಸಾಕು.

ನೀರಿನ ಮಾತಿಗೆ ಬಂದರೆ ಇನ್ನೂ ಕಠಿಣ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ನಾಡು ಇದು. ಸೊಲ್ಲಾಪುರದ ನೀರು ನೂರು ಕಿಲೋಮೀಟರಿಗೂ ದೂರದ ಉಜನಿಯಿಂದ ಬರಬೇಕು. ಬಂದರೂ ನಗರದಲ್ಲೇ ಮೂರು ನಾಲ್ಕು ದಿನಕ್ಕೊಮ್ಮೆ ನಳಕ್ಕೆ ನೀರು. ಇಂಥ ನಗರ ತನ್ನ ಸೀಮೆಯ ಆಚೆಗಿನವರಿಗೆ ಏನು ಕೊಟ್ಟೀತು? 30,000 ಮನೆಗೆ ನಾಲ್ವರಂತೆ ಹಿಡಿದರೂ 1,20,000 ಜನ. ಅದು ಅಕ್ಕಲಕೋಟ ಪಟ್ಟಣದ ಎರಡು ಪಟ್ಟಿಗೂ ಹೆಚ್ಚು. ಇಷ್ಟು ಜನರ ನೀರು, ಹೊಲಸು ನೀರು, ಕಸ, ಶಾಲೆ ಎಲ್ಲ ಹಳ್ಳಿಯ ಲೆಕ್ಕಕ್ಕೆ ಬಂದರೆ ಹಳ್ಳಿ ತಾಳುವುದಿಲ್ಲ. ಮಹಾರಾಷ್ಟ್ರದ ಕಾಯದೆಯಲ್ಲಿ ಒಂದು ಗ್ರಾಮ ಪಂಚಾಯತಿಗೆ ಹೆಚ್ಚೆಂದರೆ 17 ಸದಸ್ಯರು. ಜೋಳ ತೊಗರಿಯ ಊರಿಗೆ ಹೊಲಿದ ಅಂಗಿ ಅದು. ದೊಡ್ಡ ಪಟ್ಟಣದ ಮೈಗೆ ಹಾಕಿದರೆ ಹರಿಯದೆ ಇರುತ್ತದೆಯೇ? ಸುಸ್ಥಿರ ಎನ್ನುವ ಶಬ್ದಕ್ಕೆ ನಮ್ಮಲ್ಲಿ ಒಂದೇ ಅರ್ಥ: ಮನೆ ಕಟ್ಟುವ ಮೊದಲು ಬಾವಿ ನೋಡು.

ಹೀಗೆ ನೋಡಿ ಕಟ್ಟಿದವರು ನಮ್ಮಲ್ಲೇ ಇದ್ದರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಶೂನ್ಯಸಂಪಾದನೆಯ ಕಥೆಯಲ್ಲಿ ಅಲ್ಲಮಪ್ರಭುಗಳು ಆ ಕೆರೆಯ ಕೆಲಸದ ಜಾಗಕ್ಕೇ ಬಂದು "ಒಡ್ಡರಾಮ ಎಲ್ಲಿ?" ಎಂದು ಕೇಳುತ್ತಾರೆ. ಕಲ್ಲು ಮಣ್ಣಿನ ಕೆಲಸಕ್ಕೇ ಧರ್ಮ ಮುಗಿಯಿತೇ ಎಂಬುದು ಅವರ ಪ್ರಶ್ನೆ. ಕಟ್ಟುವವನನ್ನು ಪ್ರಶ್ನೆ ಮಾಡುವುದು ದ್ರೋಹ ಅಲ್ಲ ಎಂದು ಆ ಕಥೆ ನಮಗೆ ಕಲಿಸಿದೆ. ಇನ್ನೊಂದು ಕಥೆ ಸಂಕ್ರಮಣದ ಗಡ್ಡಾ ಜಾತ್ರೆಯದು. ಸಿದ್ಧರಾಮರು ಸ್ಥಾಪಿಸಿದ 68 ಲಿಂಗಗಳಿಗೆ ನಂದಿಧ್ವಜಗಳು ಪ್ರದಕ್ಷಿಣೆ ಹಾಕುತ್ತವೆ. ಮರುದಿನ ಅಕ್ಷತೆ ಬೀಳುವುದು ಕುಂಬಾರ ಕನ್ಯೆಗೂ ಸಿದ್ಧರಾಮರ ಯೋಗದಂಡಕ್ಕೂ. ದಿನಾ ಅಂಗಳ ಗುಡಿಸಿ ಸಾರಿಸಿ ರಂಗೋಲಿ ಹಾಕುತ್ತಿದ್ದ ಹುಡುಗಿ ಆಕೆ ಎಂದು ಜನ ಹೇಳುತ್ತಾರೆ. ಲಕ್ಷ ಲಕ್ಷ ಜನ ಬಿಳಿ ಬಾರಾಬಂದಿ ಹಾಕಿಕೊಂಡು ಆ ಗುಡಿಸುವ ಹುಡುಗಿಗೆ ಅಕ್ಷತೆ ಹಾಕುವ ನಗರ ಇದು. ವರ್ಷಕ್ಕೊಮ್ಮೆ ಇಷ್ಟು ಮಾನ ಕೊಡುವ ನಗರ ದಿನಾಲೂ ತನ್ನ ಅಂಗಳ ಗುಡಿಸುವವರಿಗೆ ಎಲ್ಲಿ ಜಾಗ ಕೊಟ್ಟಿದೆ ಎಂದು ಕೇಳಿದರೆ ಸಿಟ್ಟಾಗಬಾರದು.

ಹಾಗಾದರೆ ಕುಂಭಾರಿಯನ್ನು ನಗರಕ್ಕೆ ಸೇರಿಸಿಬಿಡಲಿ, ತ್ರಾಸು ಮುಗಿಯಿತು ಎಂದು ವಾಚನಾಲಯದಲ್ಲಿ ನಮ್ಮ ತರುಣರು ವಾದ ಮಾಡುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. 1992ರ ಹದ್ದವಾಢದಲ್ಲಿ ಸುತ್ತಲಿನ ಹಳ್ಳಿಗಳು ಮಹಾನಗರಪಾಲಿಕೆಗೆ ಸೇರಿದವು. ಸುಮಾರು 33 ಚದರ ಕಿಲೋಮೀಟರಿನ ನಗರ ಒಂದೇ ಏಟಿಗೆ 178 ಆಯಿತು. ಮೂವತ್ತು ವರ್ಷ ದಾಟಿದ ಮೇಲೂ ಆ ಭಾಗಕ್ಕೆ 'ಹದ್ದವಾಢ ಭಾಗ' ಎಂದೇ ಹೆಸರು, ರಸ್ತೆ ಗಟಾರಿನ ತಕರಾರು ಅಲ್ಲಿಂದಲೇ ಹೆಚ್ಚು. ನಕಾಶೆಯ ಗೆರೆ ಸರಿದರೆ ಮನಪಾ ಪಟ್ಟಿ ಬರುತ್ತದೆ, ನೀರು ಬರುತ್ತದೆ ಎಂಬ ಖಾತರಿ ಇಲ್ಲ.

ಹಾಗಂತ ಗೆರೆ ಇದ್ದಲ್ಲೇ ಇರಲಿ ಎಂದೂ ನಾನು ಹೇಳುತ್ತಿಲ್ಲ. ಗೆರೆಯ ಎರಡೂ ಕಡೆಯವರು ಒಂದೇ ಜಾಜಮದ ಮೇಲೆ ಕೂಡಬೇಕು ಎನ್ನುತ್ತೇನೆ. ಆ ಜಾಜಮ ಸಂವಿಧಾನವೇ ಹಾಸಿಟ್ಟಿದೆ. 74ನೆಯ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಅದರಲ್ಲಿ ಜಿಲ್ಲಾ ಯೋಜನಾ ಸಮಿತಿ ಎಂಬುದನ್ನು ಹೇಳಿದ್ದಾರೆ, ನಮ್ಮ ಮರಾಠಿ ಕಾಗದದಲ್ಲಿ ಅದು ಜಿಲ್ಹಾ ನಿಯೋಜನ ಸಮಿತಿ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪರಿಷತ್ತಿನಿಂದ ಮತ್ತು ನಗರ ಸಂಸ್ಥೆಗಳಿಂದ ಆರಿಸಿ ಬರಬೇಕು. ಪಂಚಾಯತಿ ಮತ್ತು ನಗರಗಳ ಯೋಜನೆಗಳನ್ನು ಕೂಡಿಸಬೇಕು. ಭೂಮಿ ಹೇಗೆ ಬಳಸುವುದು, ನೀರು ಹೇಗೆ ಹಂಚಿಕೊಳ್ಳುವುದು, ಎರಡೂ ಕಡೆಗೆ ಸೇರಿದ ವ್ಯವಸ್ಥೆ ಹೇಗೆ ಕಟ್ಟುವುದು ಎಂಬುದನ್ನು ನೋಡಬೇಕು. ಇದಕ್ಕಿಂತ ಸರಿಯಾಗಿ ನಮ್ಮ ಕಷ್ಟ ಬರೆಯಲು ಆಗುವುದಿಲ್ಲ. ಆದರೆ ಆ ಸಮಿತಿಯ ಸುದ್ದಿ ಪೇಪರಿನಲ್ಲಿ ಬಂದಾಗೆಲ್ಲ ನಿಧಿ ಎಷ್ಟು ಬಂತು, ಯಾರ ಪಾಲಿಗೆ ಎಷ್ಟು ಹೋಯಿತು ಎಂಬ ಮಾತೇ ಇರುತ್ತದೆ. ಕುಂಭಾರಿಯಲ್ಲಿ ಮನೆ, ಸೊಲ್ಲಾಪುರದಲ್ಲಿ ದುಡಿಮೆ ಇರುವವರ ಬಸ್ಸು ನೀರು ಯಾರ ಜವಾಬ್ದಾರಿ ಎಂಬ ಮಾತು ನಾನು ಓದಿಲ್ಲ.

ಕಾನೂನಿಗೂ ಈ ಜನ ಅರ್ಧ ಅರ್ಧವೇ ಕಾಣುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯದೆಯ ಪ್ರಕಾರ ಕೈಗಾಡಿಯವರಿಗೆ ಪ್ರಮಾಣಪತ್ರ, ಜಾಗ ಕೊಡುವುದು ನಗರದ ಸಮಿತಿ. ಹಗಲಿನಲ್ಲಿ ಆಕೆ ಸೊಲ್ಲಾಪುರದ ವ್ಯಾಪಾರಿ. ರಾತ್ರಿ ಕುಂಭಾರಿಯ ಮತದಾರಳು. ಆಕೆಯ ಹೊಟ್ಟೆಪಾಡಿನ ಬಗ್ಗೆ ತೀರ್ಮಾನ ಮಾಡುವ ನಗರಸೇವಕನಿಗೆ ಆಕೆಯ ಓಟು ಬೇಕಿಲ್ಲ. ಓಟು ಕೇಳುವ ಸರಪಂಚನ ಕೈಯಲ್ಲಿ ಆಕೆಯ ಮಾರ್ಕೆಟಿಲ್ಲ.

ಕಡೆಗೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನಗರವನ್ನಷ್ಟೇ ಬೈದರೆ ಬರಹ ಸುಳ್ಳಾಗುತ್ತದೆ. ಬೀಡಿ ಘರಕುಲ ಬಂದು ಇಪ್ಪತ್ತು ವರ್ಷವಾಗುತ್ತ ಬಂತು. ಇವತ್ತಿಗೂ ನಾವು ಅವರಿಗೆ 'ಘರಕುಲದವರು' ಎನ್ನುತ್ತೇವೆ, 'ನಮ್ಮ ಊರಿನವರು' ಎನ್ನುವುದಿಲ್ಲ. ಅವರು ಬಂದುದರಿಂದ ನಮ್ಮ ಭೂಮಿಗೆ ಬೆಲೆ ಬಂತು, ಅಂಗಡಿಗೆ ಗಿರಾಕಿ ಬಂದರು, ಅದು ಬೇಕು. ಅವರ ಮಕ್ಕಳಿಗೆ ಶಾಲೆಯಲ್ಲಿ ಜಾಗ, ಗ್ರಾಮಸಭೆಯಲ್ಲಿ ಮಾತು, ಅದಕ್ಕೆ ಮುಖ ತಿರುವುತ್ತೇವೆ. ಅವರಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ನಮ್ಮದು ಕನ್ನಡ, ಇಬ್ಬರ ಕಾಗದಪತ್ರ ಮರಾಠಿ. ಆದರೆ ರಿಕ್ಷಾದಲ್ಲಿ ಒತ್ತಿಕೊಂಡು ಕೂತಾಗ ಮೂರೂ ಭಾಷೆಯಲ್ಲಿ ಒಂದೇ ತಕರಾರು ಕೇಳುತ್ತದೆ. ಸೊಲ್ಲಾಪುರ ನಮಗೆ ಮಾಡಿದ್ದನ್ನೇ ನಾವು ಘರಕುಲಕ್ಕೆ ಮಾಡುತ್ತಿಲ್ಲವೇ? ದುಡಿಮೆ ಒಳಗೆ, ಮನುಷ್ಯ ಹೊರಗೆ.

ಆಗಸ್ಟ್ 15ರ ಗ್ರಾಮಸಭೆಗೆ ಇನ್ನು ಬಹಳ ದಿನ ಇಲ್ಲ. ಸಭೆಗೆ ಘರಕುಲದ ಹೆಣ್ಣುಮಕ್ಕಳನ್ನು ಕರೆತರೋಣ. ಮೂರು ಠರಾವು ಬರೆಯೋಣ. ನಸುಕಿನ ಮತ್ತು ರಾತ್ರಿಯ ಬಸ್ಸು ಯಾರು ಓಡಿಸುತ್ತಾರೆ ಎಂದು ಮಹಾನಗರಪಾಲಿಕೆ ಮತ್ತು ಜಿಲ್ಲಾ ಪರಿಷತ್ತು ಕೂಡಿ ಬರೆದು ಕೊಡಬೇಕು. ಉಜನಿಯ ನೀರಿನಲ್ಲಿ ಈ ವಸಾಹತುಗಳ ಪಾಲು ಎಷ್ಟು ಎಂಬುದು ಬಾಯಿಮಾತಲ್ಲಿ ಅಲ್ಲ, ಅಂಕಿಯಲ್ಲಿ ಬರಬೇಕು. ಮೂರನೆಯದು, ನಗರ ಇನ್ನು ಮುಂದೆ ಬಡವರಿಗೆ ಮನೆ ಕಟ್ಟಿದರೆ ಅದರಲ್ಲಿ ಒಂದು ಪಾಲಾದರೂ ನಗರದ ಒಳಗೆ, ಕೆಲಸದ ಹತ್ತಿರ ಇರಬೇಕು. ಮೂರನೆಯದು ನಮ್ಮ ಊರಿಗೆ ಸಂಬಂಧ ಇಲ್ಲದ ಠರಾವು ಎಂದು ಯಾರಾದರೂ ಎದ್ದು ಹೇಳುತ್ತಾರೆ. ಅವರನ್ನು ಮರುದಿನ ಮುಂಜಾನೆ ಐದಕ್ಕೆ ರಸ್ತೆಗೆ ಕರೆದುಕೊಂಡು ಬರ್ರಿ.